ನೋವು ಎಷ್ಟು ಗಂಟೆಗೆ ಶುರುವಾಯ್ತು?

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು, ಸಿಸ್ಟರ್‌ಗಳು, ಪಿಎಚ್‌ಸಿ ಡಾಕ್ಟರ್‌ಗಳು ಇಷ್ಟು ಜನ ಒಟ್ಟಿಗೆ ಸಿಗೋದೇ ಅಪರೂಪ, ಅದಕ್ಕೆ ಆಪರೇಷನ್ ವಿಷಯ ಬದಿಗಿಟ್ಟು, ರೋಗಿ ಟೇಬಲ್‌ಗೆ ಬರೋಕ್ಕೆ ಮುಂಚೆ ಏನಾಗುತ್ತೆ ಅನ್ನೋದನ್ನೇ ಹೇಳ್ತೀನಿ.

ಹೋದ ಮಳೆಗಾಲದಲ್ಲಿ ಒಬ್ರು ಬಂದ್ರು, ಅರವತ್ತರ ಹತ್ರ ವಯಸ್ಸು, ಶುಂಠಿ ಹೊಲದಲ್ಲಿ ಕೂಲಿ. ಮಂಡಿನೋವಿಗೆ ಅಂತ ಮೆಡಿಕಲ್ ಶಾಪ್ ಮಾತ್ರೆನ ತಿಂಗಳುಗಟ್ಲೆ ನುಂಗಿದಾರೆ. ಒಂದು ಸೋಮವಾರ ರಾತ್ರಿ ಊಟ ಮುಗಿಸಿ ಕೈ ತೊಳೀತಿದ್ದಾಗ ಹೊಟ್ಟೆಗೆ ಚೂರಿ ಹಾಕ್ದಂಗೆ ನೋವು. ಗ್ಯಾಸ್ಟ್ರಿಕ್ ಅಂದ್ರು, ಸೋಡಾ ಕುಡಿಸಿದ್ರು, ಜೀರಿಗೆ ಕಷಾಯ ಆಯ್ತು, ಹೊಕ್ಕಳು ಜಾರಿದೆ ಅಂತ ಪಕ್ಕದ ಮನೆ ಅಜ್ಜಿ ಹರಳೆಣ್ಣೆ ಹಚ್ಚಿ ನೀವಿದ್ರು. ಬೆಳಗಿನ ಜಾವಕ್ಕೆ ನೋವು ಇಳೀತಂತೆ. ಇಲ್ಲೇ ನೋಡಿ ಮೋಸ ಹೋಗೋದು! ಇಂಥ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಿ ತೂತಾದ ತಕ್ಷಣ ಆಸಿಡ್ ಸುಡುತ್ತೆ, ಕೆಲವು ಗಂಟೆ ಕಳೆದ್ಮೇಲೆ ಒಳಗೆ ನೀರು ತುಂಬ್ಕೊಂಡು ಆಸಿಡ್ ತೆಳ್ಳಗಾಗುತ್ತೆ, ವಾಸಿ ಆಯ್ತು ಅನ್ಸುತ್ತೆ, ಅಷ್ಟೊತ್ತಿಗೆ ಬ್ಯಾಕ್ಟೀರಿಯಾ ಬೆಳೆಯೋಕೆ ಶುರುವಾಗಿರುತ್ತೆ. ಮಂಗಳವಾರ ಒಂದು ಇಂಜೆಕ್ಷನ್, ಬುಧವಾರ ಇನ್ನೊಂದ್ಕಡೆ ಡ್ರಿಪ್. ಗುರುವಾರ ನಮ್ಮ ಹತ್ರ ಬಂದಾಗ ಹೊಟ್ಟೆ ಹಲಗೆ ತರ ಬಿಗಿ, ಕೈಕಾಲು ತಣ್ಣಗೆ, ಬಿಪಿ ಸಿಗ್ತಿಲ್ಲ, ಹಿಂದಿನ ಸಂಜೆಯಿಂದ ಮೂತ್ರ ಇಲ್ಲ. ಕೂರಿಸಿ ತೆಗೆದ ಎಕ್ಸ್‌ರೇಲಿ ವಪೆ, ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಅದರ ಕೆಳಗೆ ತೂತಿಂದ ಹೊರಬಂದ ಗಾಳಿ. ತೆರೆದು ನೋಡಿದ್ರೆ ತೂತು ಹೆಸರುಕಾಳಿನಷ್ಟು, ಕೀವು ಎರಡು ಲೀಟರ್ ಮೇಲೆ. ತೊಳೆದು, ಕೊಬ್ಬಿನ ಪದರ ಇಟ್ಟು ಹೊಲಿಗೆ ಹಾಕಿದ್ವಿ. ಐದನೇ ದಿನ ಕಿಡ್ನಿ ಕೈಕೊಟ್ಟು ಹೋಗ್ಬಿಟ್ರು. ಹೊಲಿಗೆ ಸರಿಯಾಗೇ ಇತ್ತು.

1987ರಲ್ಲಿ ಹಾಂಗ್‌ಕಾಂಗ್‌ನ ಬೋಯ್ ಅನ್ನೋ ಸರ್ಜನ್ ಮತ್ತು ಜೊತೆಯವರು ಇಂಥ ರೋಗಿಗಳ ಬಗ್ಗೆ ಮೂರೇ ಪ್ರಶ್ನೆ ಇಟ್ಟರು: ಶಾಕ್‌ನಲ್ಲಿದಾರಾ ಅಂದ್ರೆ ಬಿಪಿ ಕುಸಿದಿದ್ಯಾ, ಬೇರೆ ದೊಡ್ಡ ಕಾಯಿಲೆ ಇದ್ಯಾ, ತೂತಾಗಿ 24 ಗಂಟೆ ದಾಟಿದ್ಯಾ. ಮೂರಕ್ಕೂ ಹೌದು ಅಂದ್ರೆ ಉಳಿಸ್ಕೊಳ್ಳೋದು ಬಹಳ ಕಷ್ಟ. ಸರ್ಜನ್ ಕೈ ಎಷ್ಟು ಚುರುಕು ಅನ್ನೋ ಪ್ರಶ್ನೆ ಅದರಲ್ಲಿಲ್ಲ. ಅಪೆಂಡಿಕ್ಸ್ ಒಡೆದಿರ್ಲಿ, ಟೈಫಾಯ್ಡ್‌ನಿಂದ ಕರುಳು ತೂತಾಗಿರ್ಲಿ, ಅಲ್ಲೂ ಗಂಟೆ ಲೆಕ್ಕಾನೇ.

ಹಾಗಂತ ಆಸ್ಪತ್ರೆ ಒಳಗೆ ಎಲ್ಲ ಸರಿ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟ್‌ನ ದೆಹಲಿಯೂ ಸೇರಿ ಎಂಟು ಊರುಗಳಲ್ಲಿ ಬಳಸಿ ನೋಡಿದ್ರು, ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳೀತು ಅಂತ 2009ರಲ್ಲಿ ವರದಿ ಬಂತು. ಹೆಸರು ಕೇಳೋದು, ಆಂಟಿಬಯೋಟಿಕ್ ಕೊಟ್ರಾ ಅಂತ ಕೇಳೋದು, ರಕ್ತ ಒರೆಸೋ ಬಟ್ಟೆ ಒಳಗೆ ಉಳೀಬಾರ್ದು ಅಂತ ಎಣಿಸೋದು, ಇಂಥವೇ. ಸಿಸ್ಟರ್, ನೀವು ಎಣಿಸುವಾಗ ಯಾವ ಡಾಕ್ಟರ್ ಅವಸರ ಮಾಡಿದ್ರೂ ನಿಲ್ಲಿಸ್ಬೇಡಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಶುಗರ್ ಬಗ್ಗೆ, ರೇಜರ್‌ನಲ್ಲಿ ಕೂದಲು ತೆಗೆಯೋದು ಬೇಡ ಅನ್ನೋದರ ಬಗ್ಗೆ ಊಟದ ಹೊತ್ತಲ್ಲಿ ಕೇಳಿ. ಇಂಥ ಹೊಟ್ಟೆನೋವಿನ ರೋಗಿನ ದೊಡ್ಡಾಸ್ಪತ್ರೆಗೆ ಕಳಿಸೋ ಮುಂಚೆ ಬಾಯಿಗೆ ಏನೂ ಬೇಡ, ಡ್ರಿಪ್ ಹಾಕಿ, ಆಂಟಿಬಯೋಟಿಕ್ ಮೊದಲ ಡೋಸ್ ಅಲ್ಲೇ ಕೊಡಿ. ರೆಫರಲ್ ಚೀಟಿಲಿ 'ಮೂರು ದಿನದಿಂದ ಹೊಟ್ಟೆನೋವು' ಅಂತ ಬರೀಬೇಡಿ, ಗಂಟೆ ಬರೀರಿ. ಆ ಶುಂಠಿ ಹೊಲದವರ ಹೆಂಡತಿಗೆ ಗಂಟೆ ಸರಿಯಾಗಿ ಗೊತ್ತಿತ್ತು, ಟಿವಿಲಿ ಒಂಬತ್ತರ ವಾರ್ತೆ ಆಗ್ತಾನೆ ಶುರುವಾಗಿತ್ತಂತೆ. ಮೂರು ದಿನದಲ್ಲಿ ಆ ಅಮ್ಮನ್ನ ಯಾರೂ ಕೇಳೇ ಇರ್ಲಿಲ್ಲ.