ಸ್ಕೂಟರಿನ ಆಯಿಲ್ ಸೋರಿಕೆ: ಮೊದಲು ತೊಳೆಯಿರಿ, ಆಮೇಲೆ ಬಿಚ್ಚಿ

ಕೇಳುಗರೆಲ್ಲರಿಗೂ ನಮಸ್ಕಾರ. ನಸುಕಿನಲ್ಲೇ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಡುವವರು, ಮದ್ದೂರು, ಪಾಂಡವಪುರದ ಹಳ್ಳಿಗಳಿಂದ ಮಂಡ್ಯಕ್ಕೆ ಕೆಲಸಕ್ಕೆ ಬರುವವರು, ಸ್ಕೂಟರ್ ನಿಲ್ಲಿಸಿದ್ದ ಜಾಗದಲ್ಲಿ ಕಪ್ಪು ಎಣ್ಣೆಯ ಕಲೆಯನ್ನು ಕಂಡಿದ್ದರೆ ಈ ಮಾತುಗಳನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ನಮ್ಮ ಕಡೆ ಹೆಚ್ಚಾಗಿ ಓಡಾಡುವ ನೂರಹತ್ತು ಸಿಸಿ ಸ್ಕೂಟರುಗಳ ಎಂಜಿನ್ನಿನಲ್ಲಿ ಇರುವುದೇ ಮುಕ್ಕಾಲು ಲೀಟರಿನಷ್ಟು ಆಯಿಲ್. ದಿನಕ್ಕೆ ಒಂದಿಷ್ಟು ಸೋರಿದರೂ ಕೆಲವು ವಾರಗಳಲ್ಲಿ ಎಂಜಿನ್ ಬರಿದಾಗಿ ಪಿಸ್ಟನ್ ಅಲ್ಲಾಡದಂತೆ ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ.

ನಾನು ಹೇಳಬೇಕಾದದ್ದು ಒಂದೇ ಮಾತು: ಮೊದಲು ತೊಳೆಯಿರಿ, ಆಮೇಲೆ ನೋಡಿ, ಕೊನೆಗೆ ಬಿಚ್ಚಿ. ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದು ಕಡೆ ಇದ್ದರೆ, ನೀರು ತೊಲೆ ಹಿಡಿದು ಹರಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಎಂಜಿನ್ ಆಯಿಲ್ ಕೂಡ ಹಾಗೆಯೇ, ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಮಣ್ಣು, ಜಿಡ್ಡು ಎಲ್ಲವನ್ನೂ ಉಜ್ಜಿ ತೆಗೆದು, ಸೋಪಿನ ನೀರಿನಿಂದ ತೊಳೆದು, ಒಣ ಬಟ್ಟೆಯಿಂದ ಒರೆಸಿ, ಅನುಮಾನವಿರುವ ಕಡೆಯೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ. ಎಂಟು ಹತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿದರೆ, ಬಿಳಿಯ ಪೌಡರಿನ ಮೇಲೆ ಎಣ್ಣೆ ಒಸರಿದ ಗುರುತು ಕಾಣುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿರುವ ಒದ್ದೆಯೇ ಸೋರಿಕೆಯ ಮೂಲ.

ಕಳೆದ ಮಳೆಗಾಲದಲ್ಲಿ ಪಾಂಡವಪುರದ ಕಡೆಯ ಒಬ್ಬ ಹಾಲಿನವರು ನನ್ನ ವರ್ಕ್‌ಶಾಪಿಗೆ ಸ್ಕೂಟರನ್ನು ತಳ್ಳಿಕೊಂಡು ಬಂದರು. "ಡ್ರೈನ್ ಬೋಲ್ಟಿಂದ್ಲೇ ಸೋರ್ತದೆ ಸಾ, ವಾಷರ್ ಎಷ್ಟು ಸಲ ಬದಲಾಯಿಸಿದ್ರೂ ನಿಲ್ಲಾಕಿಲ್ಲ" ಎಂದರು. ಡ್ರೈನ್ ಬೋಲ್ಟ್ ಅಂದರೆ ಹಳೆಯ ಆಯಿಲ್ ಹೊರಬಿಡಲು ಎಂಜಿನ್ನಿನ ಅಡಿಯಲ್ಲಿರುವ ಬೋಲ್ಟ್. ಅವರು ಹೋದ ಕಡೆಯೆಲ್ಲ ಮೆಕ್ಯಾನಿಕ್‌ಗಳು ಬೋಲ್ಟಿನ ತುದಿಯ ಹನಿಯನ್ನು ನೋಡಿ ಬೋಲ್ಟನ್ನೇ ಬಿಗಿ ಮಾಡಿದ್ದರು. ಕೊನೆಗೆ ಯಾರೋ ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ತಿರುಗಿಸಿದ್ದರಿಂದ ಬೋಲ್ಟ್ ಕೂರುವ ತೂತಿನೊಳಗಿನ ಸುತ್ತು, ಅಂದರೆ ಥ್ರೆಡ್, ಹೋಗಿತ್ತು. ನಾನು ಬೋಲ್ಟನ್ನು ಹೊರತೆಗೆದಾಗ ಅದರ ಸುತ್ತುಗಳ ನಡುವೆ ಎಂಜಿನ್ ಬಾಡಿಯ ಅಲ್ಯೂಮಿನಿಯಂ ಎಳೆಎಳೆಯಾಗಿ ಅಂಟಿಕೊಂಡು ಹೊಳೆಯುತ್ತಿತ್ತು. ಲೇತ್ ಅಂಗಡಿಯಲ್ಲಿ ಹೊಸ ಥ್ರೆಡ್ ಕೂರಿಸಿ, ಆಯಿಲ್ ತುಂಬಿ, ಎಂಜಿನ್ ತೊಳೆದು, ಪೌಡರ್ ಹಾಕಿ ಓಡಿಸಿದೆವು. ಒದ್ದೆ ಕಂಡದ್ದು ಬೋಲ್ಟಿನ ಬಳಿಯಲ್ಲ, ಮುಂದುಗಡೆ ಎಂಜಿನ್ನಿನ ತಲೆಯ ಮುಚ್ಚಳವಾದ ಟ್ಯಾಪೆಟ್ ಕವರಿನ ಕೆಳಅಂಚಿನಲ್ಲಿ! ಅದರ ರಬ್ಬರ್ ಪ್ಯಾಕಿಂಗ್ ಶಾಖಕ್ಕೆ ಗಟ್ಟಿಯಾಗಿ, ಬೆರಳಿನಿಂದ ಬಗ್ಗಿಸಿದ ಕೂಡಲೇ ತುಂಡಾಯಿತು. ಅಲ್ಲಿಂದ ಒಸರಿದ ಆಯಿಲ್ ಸಿಲಿಂಡರಿನ ಅಡಿಯಲ್ಲಿ ಹಿಂದಕ್ಕೆ ಹರಿದು ಡ್ರೈನ್ ಬೋಲ್ಟಿಗೆ ಬಂದು ನಿಲ್ಲುತ್ತಿತ್ತು. ಆ ಪ್ಯಾಕಿಂಗಿನ ಬೆಲೆ ತೀರಾ ಅಲ್ಪ, ಹಾಳಾದ ಥ್ರೆಡ್ಡಿಗೆ ಅವರು ಕೊಟ್ಟದ್ದು ಅದರ ಹಲವು ಪಟ್ಟು. ಮೊದಲ ದಿನವೇ ಯಾರಾದರೂ ತೊಳೆದು ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ತೊಳೆಯದೆ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ ಎಂದು ಮೆಕ್ಯಾನಿಕ್ ಮಿತ್ರರನ್ನೂ ಕೇಳಿಕೊಳ್ಳುತ್ತೇನೆ.

ಉಳಿದ ಸಮಯದಲ್ಲಿ ಇನ್ನೆರಡು ವಿಷಯ ಹೇಳಿಬಿಡುತ್ತೇನೆ. ಸೋರುವ ಜಾಗಕ್ಕೆ ಹೊರಗಿನಿಂದ ಸೋರಿಕೆ ತಡೆಯುವ ಪೇಸ್ಟ್ ಮೆತ್ತಬೇಡಿ, ಅದು ನಿಲ್ಲುವುದಿಲ್ಲ. ಒಳಭಾಗಕ್ಕೆ ಹೆಚ್ಚಾಗಿ ಬಳಿದ ಪೇಸ್ಟ್ ಕಳಚಿಕೊಂಡು ಆಯಿಲ್ ಜಾಲರಿಯನ್ನು ಕಟ್ಟಿಬಿಡುತ್ತದೆ. ಸೋರುತ್ತದೆಯೆಂದು ಅಳತೆ ಮೀರಿ ಆಯಿಲ್ ಸುರಿಯುವುದೂ ತಪ್ಪು, ಹೆಚ್ಚಾದದ್ದು ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರಿಗೆ ನುಗ್ಗುತ್ತದೆ.

ಹಿಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಕಂಡರೆ ಮಾತ್ರ ತಡಮಾಡಬೇಡಿ. ಅದು ಬಹುಮಟ್ಟಿಗೆ ಎಂಜಿನ್ ಆಯಿಲ್ ಅಲ್ಲ, ಹಿಂದಿನ ಚಕ್ರದ ಗೇರ್ ಪೆಟ್ಟಿಗೆಯ ರಬ್ಬರ್ ಸೀಲ್ ಸವೆದು ಹೊರಬಂದ ಗೇರ್ ಆಯಿಲ್. ಅದು ಬ್ರೇಕ್ ಡ್ರಮ್ಮಿನೊಳಗೆ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ. ಸೀಲಿನ ಜೊತೆಗೆ ಎಣ್ಣೆ ಕುಡಿದ ಬ್ರೇಕ್ ಶೂಗಳನ್ನೂ ಬದಲಾಯಿಸಬೇಕು, ಅಲ್ಲಿಯವರೆಗೆ ಆ ಸ್ಕೂಟರನ್ನು ರಸ್ತೆಗೆ ಇಳಿಸಲೇಬಾರದು. ನಮಸ್ಕಾರ.