ರೀಕೆ ಬೀದಿಯ ಸಿನಗಾಗ್

ಕೇಳುಗರಿಗೆ ನಮಸ್ಕಾರ.

ಬರ್ಲಿನ್ನಿನ ಪ್ರೆನ್ಸ್‌ಲಾವರ್ ಬೆರ್ಗ್ ಬಡಾವಣೆಯಲ್ಲಿ ರೀಕೆ ಬೀದಿ ಎಂದೊಂದಿದೆ. ಅಲ್ಲಿ 53ನೇ ನಂಬರಿನ ಮುಂದೆ ನಿಂತರೆ ಕಾಣುವುದು ಬೀದಿಗೆ ಮುಖಮಾಡಿದ ಮಹಡಿ ಕಟ್ಟಡ. ಅದರ ಕಮಾನಿನಡಿ ಹಾದು ಅಂಗಳಕ್ಕೆ ಬಂದ ಮೇಲೆಯೇ ಕೆಂಪು ಇಟ್ಟಿಗೆಯ ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ, ಎದುರಾಗುತ್ತದೆ. ಈ ಕಟ್ಟಡ ಇಂದಿಗೂ ನಿಂತಿರುವುದಕ್ಕೆ ಅದು ಮನೆಗಳ ಹಿಂಬದಿಯಲ್ಲಿ ಅಡಗಿ ಕೂತ ಜಾಗವೇ ಕಾರಣ.

1862ರಲ್ಲಿ ಜೇಮ್ಸ್ ಹೋಬ್ರೆಕ್ಟ್ ರೂಪಿಸಿದ ನಕ್ಷೆಯಂತೆ ಬರ್ಲಿನ್ ಬೆಳೆಯಿತು. ಬೀದಿಗಳು ದೂರ ದೂರ, ನಡುವಿನ ನಿವೇಶನಗಳು ಬಹಳ ಉದ್ದ. ಹಾಗಾಗಿ ಮುಂದೊಂದು ಮನೆ, ನಡುವೆ ಅಂಗಳ, ಹಿಂದೆ ಮತ್ತೊಂದು ಕಟ್ಟಡ. ಯೆಹೂದಿ ಸಮುದಾಯದ ವಾಸ್ತುಶಿಲ್ಪಿ ಯೋಹಾನ್ ಹೋನಿಗರ್ ಇದೇ ಪದ್ಧತಿ ಅನುಸರಿಸಿದ: ಬೀದಿಬದಿಯ ಕಟ್ಟಡಕ್ಕೆ ಧಾರ್ಮಿಕ ಶಾಲೆ, ಹಿಂಬದಿಗೆ ಸುಮಾರು 2,000 ಜನ ಕೂರುವ ಮಂದಿರ. 1904ರ ಸೆಪ್ಟೆಂಬರ್ 4ರಂದು ಪ್ರತಿಷ್ಠೆಯಾಯಿತು.

1938ರ ನವೆಂಬರ್ 9ರ ರಾತ್ರಿ ನಾಜಿಗಳು ಜರ್ಮನಿಯುದ್ದಕ್ಕೂ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ನಡುರಾತ್ರಿ ಕಳೆದ ಮೇಲೆ ನಾಜಿ ಭದ್ರತಾ ಪೊಲೀಸರ ಮುಖ್ಯಸ್ಥ ಹೈಡ್ರಿಕ್ ಕಳಿಸಿದ ತಂತಿಯಲ್ಲಿ ಒಂದು ಷರತ್ತಿತ್ತು: ಅಕ್ಕಪಕ್ಕದ ಕಟ್ಟಡಗಳಿಗೆ ಅಪಾಯವಿಲ್ಲದಿದ್ದರೆ ಮಾತ್ರ ಸುಡಬೇಕು. ರೀಕೆ ಬೀದಿಯ ಮಂದಿರವನ್ನು ಸುತ್ತುವರಿದಿದ್ದವು ಜನ ತುಂಬಿದ ವಸತಿ ಮನೆಗಳು. ಆದ್ದರಿಂದ ಇಲ್ಲಿ ಬೆಂಕಿಯನ್ನು ಬೇಗ ಆರಿಸಿದರು. ಇದನ್ನು ಕರುಣೆ ಎಂದುಕೊಳ್ಳಬೇಡಿ. ಒಳಗೆ ಬೆಂಚುಗಳನ್ನು ಒಡೆದರು, ತೋರಾ ಸುರುಳಿಗಳನ್ನು ಹಾಳುಗೆಡವಿದರು, ಗಂಡಸರನ್ನು ಬರ್ಲಿನ್ ಬಳಿಯ ಸಾಕ್ಸೆನ್‌ಹೌಸನ್ ಯಾತನಾ ಶಿಬಿರಕ್ಕೆ ಎಳೆದೊಯ್ದರು. ತೋರಾ ಎಂದರೆ ಯೆಹೂದ್ಯರ ಧರ್ಮಗ್ರಂಥ, ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ 3,04,805 ಅಕ್ಷರ. ಒಂದೇ ಒಂದು ಅಕ್ಷರ ಅಳಿಸಿದರೂ ಆ ಸುರುಳಿಯನ್ನು ಸಭೆಯಲ್ಲಿ ಓದುವಂತಿಲ್ಲ. ಲಿಪಿಕಾರ ಬಂದು ತಿದ್ದಬೇಕು. ತಿದ್ದಲಾಗದಿದ್ದರೆ ಸ್ಮಶಾನದಲ್ಲಿ ಹೂಳಬೇಕು.

ಅಂಥ ಪರಿಸ್ಥಿತಿಯಲ್ಲೂ ದುರಸ್ತಿ ಮಾಡಿಕೊಂಡು 1939ರ ವಸಂತದಲ್ಲಿ ಮತ್ತೆ ಪ್ರಾರ್ಥನೆ ಆರಂಭಿಸಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಸೈನ್ಯ ಕಟ್ಟಡವನ್ನು ಕಿತ್ತುಕೊಂಡು ಉಗ್ರಾಣ ಮಾಡಿಕೊಂಡಿತು.

ಯುದ್ಧ ಮುಗಿದು ನಗರ ಇಬ್ಭಾಗವಾದ ಮೇಲೆ, 1953ರಲ್ಲಿ ಮರುಪ್ರತಿಷ್ಠೆ. ಕಮ್ಯುನಿಸ್ಟ್ ಆಳ್ವಿಕೆಯ ಪೂರ್ವ ಬರ್ಲಿನ್ನಿನಲ್ಲಿ ಆಗ ಬಳಕೆಯಲ್ಲಿದ್ದ ಸಿನಗಾಗ್ ಇದೊಂದೇ. 1933ರಲ್ಲಿ ಇಡೀ ನಗರದಲ್ಲಿ ಸುಮಾರು 1,60,000 ಯೆಹೂದ್ಯರಿದ್ದರು. 1980ರ ದಶಕದ ಕೊನೆಗೆ ಪೂರ್ವ ಬರ್ಲಿನ್ ಸಮುದಾಯದ ಸದಸ್ಯರು ಸುಮಾರು 200. ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಕನಿಷ್ಠ 10 ಗಂಡಸರು ಸೇರಬೇಕು. ಅಷ್ಟು ದೊಡ್ಡ ಹಾಲ್‌ನಲ್ಲಿ ಹತ್ತು ಮಂದಿ ಎಲ್ಲಿ ಕಂಡಾರು!

1989ರಲ್ಲಿ ಬರ್ಲಿನ್ ಗೋಡೆ ಒಡೆದ ಮೇಲೆ ಸೋವಿಯತ್ ನಾಡುಗಳಿಂದ ಬಂದ ಯೆಹೂದ್ಯರಿಂದ ಬರ್ಲಿನ್ ಸಮುದಾಯ ಮತ್ತೆ ಬೆಳೆಯಿತು. ಜೀರ್ಣೋದ್ಧಾರದ ಹೊಣೆ ವಾಸ್ತುಶಿಲ್ಪಿಗಳಾದ ರುತ್ ಗೋಲಾನ್ ಮತ್ತು ಕೇ ಝಾರೆ ಅವರದ್ದು. ಕೈಯಲ್ಲಿದ್ದದ್ದು ಹಳೆಯ ಕಪ್ಪು-ಬಿಳುಪು ಫೋಟೋಗಳು. ಕಂಬದ ಆಕಾರವನ್ನು ಅವುಗಳಲ್ಲಿ ನೋಡಬಹುದು, ಬಣ್ಣವನ್ನು ನೋಡಲಾಗದು. 2007ರ ಆಗಸ್ಟ್ 31ರಂದು ಮಂದಿರ ಮತ್ತೆ ತೆರೆಯಿತು. ಸಾವಿರಕ್ಕೂ ಹೆಚ್ಚು ಆಸನಗಳಿರುವ ಇದು ಇವತ್ತು ಜರ್ಮನಿಯ ಅತಿ ದೊಡ್ಡ ಸಿನಗಾಗ್.