ಚಿಪ್ ಬದಲಿಸುವ ಮೊದಲು ಗೇನ್ ತಗ್ಗಿಸಿ

ಸ್ನೇಹಿತರೇ, ಹೆಡ್‌ಫೋನ್ ಆಂಪ್ಲಿಫೈಯರ್ ಒಂದನ್ನು ಕೈಯಾರೆ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಯಾವ ಆಪ್‌ಆಂಪ್ (ಸಿಗ್ನಲ್ಲನ್ನು ಹಿಗ್ಗಿಸುವ ಚಿಪ್) ಹಾಕಬೇಕೆಂದು. ಆ ಪ್ರಶ್ನೆಗೆ ನಾವು ಅತಿಯಾದ ಮಹತ್ವ ಕೊಡುತ್ತಿದ್ದೇವೆ. ಡಾಟ್ ಬೋರ್ಡಿನ (ಬಿಡಿಭಾಗಗಳನ್ನು ಬೆಸುಗೆ ಹಾಕುವ ತೂತುಗಳ ಹಲಗೆ) ಮೇಲೆ ಕಟ್ಟಿದ ಆಂಪ್ಲಿಫೈಯರ್ ಹೇಗೆ ನುಡಿಯುತ್ತದೆ ಎಂಬುದನ್ನು ಚಿಪ್‌ಗಿಂತ ಹೆಚ್ಚಾಗಿ ಅದರ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಮತ್ತು ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಬಿಂದು) ನಿರ್ಧರಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚು ಮೋಯ್ ಅವರು 1990ರ ದಶಕದ ಕೊನೆಯಲ್ಲಿ ರೂಪಿಸಿದ, ಇಂದಿಗೂ ಸಿಮೋಯ್ ಎಂದೇ ಕರೆಯುವ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಸರ್ಕ್ಯೂಟನ್ನೇ ತೆಗೆದುಕೊಳ್ಳೋಣ. ಒಂದು 9 ವೋಲ್ಟ್ ಬ್ಯಾಟರಿ, ಒಂದು ಜೋಡಿ ಆಪ್‌ಆಂಪ್, ಬೆರಳೆಣಿಕೆಯ ರೆಸಿಸ್ಟರು, ಕೆಪಾಸಿಟರುಗಳು. ಇಷ್ಟೂ ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಹಿಡಿಯುತ್ತವೆ. ಫೀಡ್‌ಬ್ಯಾಕ್‌ಗೆ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಗೆ) 10 ಕಿಲೋಓಮ್ ರೆಸಿಸ್ಟರು, ಅಲ್ಲಿಂದ ಗ್ರೌಂಡ್‌ಗೆ 1 ಕಿಲೋಓಮ್ ಹಾಕಿದರೆ ಗೇನ್ 11 ಆಗುತ್ತದೆ. ಆದರೆ ಫೋನಿನಿಂದ 1 ವೋಲ್ಟ್ ಸಿಗ್ನಲ್ ಬಂದರೆ ಅದನ್ನು 11 ವೋಲ್ಟ್ ಮಾಡಲು 9 ವೋಲ್ಟ್ ಬ್ಯಾಟರಿಗೆ ಸಾಧ್ಯವೇ ಇಲ್ಲ. ಹೀಗಾಗಿ ವಾಲ್ಯೂಮ್ ಗುಬುಟನ್ನು ಸದಾ ಕೆಳತುದಿಯಲ್ಲೇ ಇಡಬೇಕಾಗುತ್ತದೆ. ಅಗ್ಗದ ಪೊಟೆನ್ಶಿಯೋಮೀಟರುಗಳಲ್ಲಿ ಎಡ-ಬಲ ಕಿವಿಗಳ ಮಟ್ಟ ಹೊಂದದಿರುವುದು ಅಲ್ಲಿಯೇ, ಚಿಪ್ಪಿನ ಗುಯ್‌ಗುಡುವ ಸದ್ದು ಎದ್ದು ಕೇಳುವುದೂ ಅಲ್ಲಿಯೇ. ಆ 10 ಕಿಲೋಓಮ್ ತೆಗೆದು 2.2 ಕಿಲೋಓಮ್ ಹಾಕಿದರೆ ಗೇನ್ 3.2ಕ್ಕೆ ಇಳಿಯುತ್ತದೆ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿಗೂ ಅದು ಸಾಕು. ಕೆಲವೇ ಪೈಸೆಯ ಈ ಬದಲಾವಣೆ ದುಬಾರಿ ಚಿಪ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಗ್ರೌಂಡ್. ಬ್ಯಾಟರಿ ಒಂದೇ ಆದುದರಿಂದ ಎರಡು 4.7 ಕಿಲೋಓಮ್ ರೆಸಿಸ್ಟರುಗಳ ನಡುವಿನ ಬಿಂದುವನ್ನೇ ಗ್ರೌಂಡ್ ಎಂದು ಇಟ್ಟುಕೊಳ್ಳುತ್ತೇವೆ. ಈ ಬಿಂದು ಬಹಳ ದುರ್ಬಲ. ಔಟ್‌ಪುಟ್‌ನಲ್ಲಿ ಬರೀ 20 ಮಿಲಿವೋಲ್ಟ್ ಡಿಸಿ (ಸಂಗೀತವಿಲ್ಲದಾಗಲೂ ನಿಲ್ಲುವ ಸ್ಥಿರ ವೋಲ್ಟ್) ಉಳಿದಿದ್ದರೂ 32 ಓಮ್‌ನ ಹೆಡ್‌ಫೋನ್ ಮೂಲಕ ಸುಮಾರು 0.6 ಮಿಲಿಆಂಪಿಯರ್ ಹರಿದು, ಒಂದು ಚಾನೆಲ್‌ನಿಂದಲೇ ಈ ನಡುಬಿಂದು ಹೆಚ್ಚುಕಡಿಮೆ ಒಂದೂವರೆ ವೋಲ್ಟ್‌ನಷ್ಟು ಜರುಗುತ್ತದೆ. ಆಗ 4.5 ಮತ್ತು 4.5 ಆಗಿರಬೇಕಾದ ಬ್ಯಾಟರಿಯ ವೋಲ್ಟ್‌ನ ಪಾಲು 6 ಮತ್ತು 3 ಆಗಿ, ಜೋರಾದ ಸಂಗೀತ ಒಂದು ಬದಿಯಲ್ಲಿ ಮೊದಲೇ ಕತ್ತರಿಸಿಹೋಗುತ್ತದೆ. ಕೇಳುವವರು ಚಿಪ್ಪನ್ನು ಬೈಯುತ್ತಾರೆ.

ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಸಿಕ್ಕಿಸುವ ಹಲಗೆ) ಸರ್ಕ್ಯೂಟನ್ನು ಪರೀಕ್ಷಿಸಬಹುದು, ಆದರೆ ಅಂತಿಮ ತೀರ್ಪು ಕೊಡಬಾರದು. ಅಲ್ಲಿನ ಸಡಿಲ ಸಂಪರ್ಕಗಳು ಮತ್ತು ಉದ್ದದ ತಂತಿಗಳು ವೇಗದ ಆಪ್‌ಆಂಪ್‌ಗಳನ್ನು ಆಸಿಲೇಟ್ ಆಗುವಂತೆ, ಅಂದರೆ ತಾವಾಗಿಯೇ ಕಂಪಿಸುವ ಸಿಗ್ನಲ್ ಹುಟ್ಟಿಸುವಂತೆ ಮಾಡುತ್ತವೆ. ಡಾಟ್ ಬೋರ್ಡಿನಲ್ಲಿ ಮೊದಲು ಗ್ರೌಂಡ್ ಸಾಲನ್ನು ದಪ್ಪ ತಂತಿಯಿಂದ ಬೆಸುಗೆ ಹಾಕಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಚಿಪ್ಪಿನ ಪವರ್ ಪಿನ್‌ಗಳ ಮಗ್ಗುಲಲ್ಲೇ ಕೂರಿಸಿ, ಉಳಿದುದನ್ನು ಆಮೇಲೆ ಜೋಡಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದಕ್ಕೆ ಬೇಕಾದ ಬಿಡಿಭಾಗಗಳು ಸಿಗುತ್ತವೆ.

ಕಟ್ಟಿ ಮುಗಿದ ಮೇಲೆ, ನೀವು ಪ್ರೀತಿಯಿಂದ ಇಟ್ಟುಕೊಂಡ ಹೆಡ್‌ಫೋನನ್ನು ಚುಚ್ಚುವ ಮುನ್ನ, ಹಾಳಾದರೂ ಚಿಂತೆಯಿಲ್ಲದ ಹಳೆಯದೊಂದನ್ನು ಜೋಡಿಸಿ, ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು ಎರಡೂ ಚಾನೆಲ್‌ಗಳನ್ನು ಅಳೆಯಿರಿ, ಅನಂತರ ಬ್ಯಾಟರಿಯ ಎರಡೂ ತುದಿಗಳಿಂದ ನಡುಬಿಂದುವಿಗೆ ಸಮಾನ ವೋಲ್ಟ್ ಬರುತ್ತಿದೆಯೇ ನೋಡಿ.